ಮೂಳೆಯ ಕ್ಯಾನ್ಸರ್ ಮತ್ತು ಕಾಂಡಕೋಶಗಳ ಪರಸ್ಪರ ಪ್ರಭಾವ

ಮೂಳೆಯಲ್ಲಿಯೇ ಹುಟ್ಟುವ ಕ್ಯಾನ್ಸರ್‌ಗಳ ಪೈಕಿ ಮಕ್ಕಳಲ್ಲಿಯೂ ಹದಿಹರೆಯದವರಲ್ಲಿಯೂ ಹೆಚ್ಚಾಗಿ ಕಂಡುಬರುವುದು ಆಸ್ಟಿಯೋಸಾರ್ಕೋಮಾ. ಎಲುಬುಗಳು ವೇಗವಾಗಿ ಬೆಳೆಯುವ ವಯಸ್ಸಿನಲ್ಲಿ, ಬಹುಮಟ್ಟಿಗೆ ಮೊಣಕಾಲಿನ ಆಸುಪಾಸಿನಲ್ಲಿ ಕಾಣಿಸಿಕೊಳ್ಳುವ ಈ ರೋಗವು ಹರಡಿದಾಗ ಸಾಮಾನ್ಯವಾಗಿ ಶ್ವಾಸಕೋಶವನ್ನು ಸೇರುತ್ತದೆ.

ಅಸ್ಥಿಮಜ್ಜೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಇವೆ. ಒಂದು ಬಗೆಯವು ರಕ್ತಕಣಗಳನ್ನು ಉತ್ಪಾದಿಸುತ್ತವೆ. ಇನ್ನೊಂದು ಬಗೆಯವು ಮೂಳೆ, ಮೃದ್ವಸ್ಥಿ ಹಾಗೂ ಕೊಬ್ಬಿನ ಕೋಶಗಳಾಗಿ ಮಾರ್ಪಡಬಲ್ಲವು. ಇವಕ್ಕೆ 'ಮೀಸೆಂಕೈಮಲ್ ಕಾಂಡಕೋಶ' ಎಂಬ ಹೆಸರನ್ನು 1991ರಲ್ಲಿ ಬಳಕೆಗೆ ತಂದವರು ಅಮೆರಿಕದ ವಿಜ್ಞಾನಿ ಆರ್ನಲ್ಡ್ ಕ್ಯಾಪ್ಲನ್. ಗಾಯವಾದೆಡೆಗೆ ಸಾಗಿ ಅಲ್ಲಿನ ದುರಸ್ತಿಗೆ ನೆರವಾಗುವುದು ಈ ಕೋಶಗಳ ಗುಣ.

ಕ್ಯಾನ್ಸರ್ ಗಡ್ಡೆಯು ಈ ಗುಣವನ್ನೇ ತನ್ನ ಲಾಭಕ್ಕೆ ಬಳಸಿಕೊಳ್ಳುತ್ತದೆ. ಗಡ್ಡೆಯ ಕೋಶಗಳು ಹೊರಬಿಡುವ ಅತಿ ಸೂಕ್ಷ್ಮ ಚೀಲಗಳು ಟಿಜಿಎಫ್-ಬೀಟಾ ಎಂಬ ಪ್ರೋಟೀನನ್ನು ಹೊತ್ತು ಕಾಂಡಕೋಶಗಳನ್ನು ತಲಪುತ್ತವೆ. ಇದರಿಂದ ಪ್ರಚೋದಿತವಾದ ಕಾಂಡಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ವಸ್ತುವನ್ನು ಹೆಚ್ಚಾಗಿ ಸ್ರವಿಸುತ್ತವೆ. ಅದು ಮರಳಿ ಕ್ಯಾನ್ಸರ್ ಕೋಶಗಳ ಬೆಳವಣಿಗೆಗೆ ಇಂಬುಕೊಡುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಸರಣಿಯನ್ನು ಇಲಿಗಳಲ್ಲಿ ತೋರಿಸಿಕೊಟ್ಟಿತು. ಸಂಧಿವಾತಕ್ಕೆ ಬಳಸುವ ಟಾಸಿಲಿಜುಮ್ಯಾಬ್ ಎಂಬ ಔಷಧಿಯನ್ನು ನೀಡಿದಾಗ ಕಾಂಡಕೋಶಗಳ ಈ ದುಷ್ಪ್ರಭಾವ ತಗ್ಗಿತು. ಆದರೆ ಇಲಿಗಳಲ್ಲಿ ಕಂಡ ಫಲವು ಮನುಷ್ಯರ ಚಿಕಿತ್ಸೆಯಾಗಲು ಇನ್ನೂ ಅನೇಕ ಪರೀಕ್ಷೆಗಳನ್ನು ದಾಟಬೇಕು.

ಕ್ಯಾನ್ಸರನ್ನು ಬೀಜಕ್ಕೂ ದೇಹವನ್ನು ಅದು ಬೇರೂರುವ ನೆಲಕ್ಕೂ ಹೋಲಿಸಿ 1889ರಷ್ಟು ಹಿಂದೆಯೇ ವಿವರಿಸಿದವರು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪೇಜೆಟ್. ಬೀಜವು ನೆಲವನ್ನೇ ತನಗೆ ಬೇಕಾದಂತೆ ಹದಗೊಳಿಸಿಕೊಳ್ಳುತ್ತದೆ ಎಂಬುದನ್ನು ಇಂದಿನ ಸಂಶೋಧನೆಗಳು ಸೇರಿಸಿವೆ.

ಇದರಿಂದ ಕುಟುಂಬಗಳು ತಿಳಿಯಬೇಕಾದದ್ದಿಷ್ಟು: ಕಾಂಡಕೋಶವೆಂದ ಮಾತ್ರಕ್ಕೆ ಅದು ಸರ್ವರೋಗಗಳಿಗೂ ಮದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು ನಿರ್ದಿಷ್ಟ ರೋಗಗಳಿಗೆ ರಕ್ತಜನಕ ಕಾಂಡಕೋಶಗಳ ಕಸಿಯನ್ನು ಮಾತ್ರ ಅಂಗೀಕೃತ ಚಿಕಿತ್ಸೆಯೆಂದು ಒಪ್ಪಿತು. ಆದುದರಿಂದ ಜಾಹೀರಾತುಗಳನ್ನು ನಂಬಿ ಹಣವನ್ನೂ ಅಮೂಲ್ಯವಾದ ಸಮಯವನ್ನೂ ಕಳೆದುಕೊಳ್ಳಬಾರದು.

ಆಸ್ಟಿಯೋಸಾರ್ಕೋಮಾಕ್ಕೆ ಕೀಮೋಥೆರಪಿ ಮತ್ತು ಶಸ್ತ್ರಚಿಕಿತ್ಸೆಗಳೇ ಇಂದಿಗೂ ಆಧಾರ. 1970ರ ದಶಕಕ್ಕೆ ಮುನ್ನ ಕಾಲನ್ನು ಕತ್ತರಿಸಿದರೂ ಬಹುಪಾಲು ರೋಗಿಗಳು ಉಳಿಯುತ್ತಿರಲಿಲ್ಲ. ಇಂದು, ರೋಗ ಹರಡುವ ಮೊದಲೇ ಸೂಕ್ತ ಚಿಕಿತ್ಸೆ ದೊರೆತರೆ, ಶೇಕಡಾ 60ರಿಂದ 70ರಷ್ಟು ಮಂದಿ ಐದು ವರ್ಷಗಳನ್ನು ದಾಟುತ್ತಾರೆ. ಬೆಳೆಯುವ ಮಕ್ಕಳಲ್ಲಿ ಮೊಣಕಾಲಿನ ಬಳಿಯ ನೋವು ಅಥವಾ ಬಾವು ವಾರಗಟ್ಟಲೆ ಉಳಿದು ರಾತ್ರಿಯೂ ಕಾಡುತ್ತಿದ್ದರೆ, ಆಟದ ಉಳುಕೆಂದು ಕಡೆಗಣಿಸದೆ ಎಕ್ಸ್-ರೇ ಮಾಡಿಸುವುದು ವಿವೇಕ.