ಗುಡ್ಡದ ಗಾಡಿ, ಪೇಟೆಯ ಗಾಡಿ

ಅಣ್ಣ ಸಾಲ ಮಾಡಿ ಟೊಯೋಟಾದ ಎಸ್‌ಯುವಿ ಕೊಳ್ಳಲು ಹೊರಟಾಗ ನಾನು ಆ ಗಾಡಿಗಳ ಇತಿಹಾಸ ಓದಲು ಕೂತೆ. ಒಂದೇ ಹೆಸರಿನಡಿ ಎರಡು ವಂಶಗಳಿವೆ.

ಮೊದಲನೆಯದು ಕೊರಿಯಾ ಯುದ್ಧದ ಕಾಲದ್ದು. 1951ರಲ್ಲಿ ಟೊಯೋಟಾ ಜೀಪಿನಂಥ ‘ಬಿಜೆ’ ಗಾಡಿಯನ್ನು ತಯಾರಿಸಿತು. ಅದು ಫ್ಯೂಜಿ ಪರ್ವತದ ಆರನೆಯ ಹಂತದವರೆಗೆ ಹತ್ತಿತು; ಜಪಾನಿನ ಪೊಲೀಸರು ಅದನ್ನು ಒಪ್ಪಿಕೊಂಡರು. 1954ರಲ್ಲಿ ಅದಕ್ಕೆ ಲ್ಯಾಂಡ್ ಕ್ರೂಸರ್ ಎಂಬ ಹೆಸರು ಬಂತು. ಲಾರಿಗಿರುವಂತೆ ಏಣಿಯಾಕಾರದ ಚಾಸಿ, ಅದರ ಮೇಲೆ ಕೂರಿಸಿದ ಬಾಡಿ. ಕಲ್ಲುದಾರಿಯ ಹೊಡೆತ ತಾಳಲೆಂದೇ ಈ ರಚನೆ.

ಎರಡನೆಯದು 1994ರ ರಾವ್4. ಇದಕ್ಕೆ ಪ್ರತ್ಯೇಕ ಚಾಸಿಯಿಲ್ಲ. ಕಾರಿನಲ್ಲಿರುವಂತೆ ಬಾಡಿಯೇ ಭಾರ ಹೊರುತ್ತದೆ. ನೋಡಲು ಎತ್ತರ, ಓಡಿಸಲು ಹಗುರ. ಕ್ರಾಸ್‌ಓವರ್ ಎಂಬ ಬಗೆಗೆ ದಾರಿ ತೋರಿದ ಗಾಡಿಗಳಲ್ಲಿ ಇದೂ ಒಂದು.

ನಮ್ಮ ಬಿಡದಿಯ ಕಾರ್ಖಾನೆಯಲ್ಲೂ ಇದೇ ಕವಲು ಕಾಣುತ್ತದೆ. 2009ರಲ್ಲಿ ಬಂದ ಫಾರ್ಚುನರ್ ಏಣಿ ಚಾಸಿಯ ವಂಶದ್ದು. 2022ರಲ್ಲಿ ಅನಾವರಣಗೊಂಡ ಇನ್ನೋವಾ ಹೈಕ್ರಾಸ್ ಕಾರಿನ ವಂಶದ್ದು.

ಅಣ್ಣನಿಗೆ ಬೇಕಿರುವುದು ಫಾರ್ಚುನರ್. ಅವನ ಮನೆಗೂ ಆಫೀಸಿಗೂ ನಡುವೆ ಇರುವುದು ಡಾಂಬರು ರಸ್ತೆ, ನಾಲ್ಕು ಸಿಗ್ನಲ್. ‘ಹತ್ತಲು ಗುಡ್ಡವೇ ಇಲ್ಲದವನಿಗೆ ಗುಡ್ಡದ ಗಾಡಿಯ ಸಾಲ ಯಾಕೆ?’ ಎಂದೆ. ಅಣ್ಣ ಇನ್ನೂ ಉತ್ತರ ಕೊಟ್ಟಿಲ್ಲ, ಮುಂಗಡವನ್ನೂ ಕೊಟ್ಟಿಲ್ಲ.