ಗಾಮಾ ಪೈಲ್ವಾನ: ಸೋಲದಿರುವುದೂ ಗೆಲ್ಲುವುದೂ

ಕಳೆದ ದೀಪಾವಳಿಯ ಪಾಡ್ಯದ ಸಂಜೆ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಅಂಕೋಲೆಯ ನಮ್ಮ ಮನೆಗೆ ಬಂದಿದ್ದರು. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ಒಬ್ಬ ನೌಕಾಪಡೆಯಲ್ಲಿ ದುಡಿದು ನಿವೃತ್ತನಾಗಿ ಈಗ ಕಾರವಾರದಲ್ಲಿ ನೆಲೆಸಿದ್ದಾನೆ. ಇನ್ನೊಬ್ಬನಿಗೆ ಅಂಕೋಲೆಯ ಪೇಟೆಯಲ್ಲಿ ಅಕ್ಕಿ ವ್ಯಾಪಾರ. ಚಹಾ ಕುಡಿಯುತ್ತ ಕುಳಿತವರ ನಡುವೆ ಮಾತು ಎಲ್ಲಿಂದಲೋ ಹೊರಟು ಒಂದು ಜಗಳಕ್ಕೆ ಬಂದು ನಿಂತಿತು. ಒಮ್ಮೆಯೂ ಸೋಲದ ವೀರರಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು?

ನೌಕಾಪಡೆಯವನು ಬಾಕ್ಸಿಂಗ್ ಬಲ್ಲವನು. ಅವನ ಪಾಲಿಗೆ ಅಮೆರಿಕದ ರಾಕಿ ಮಾರ್ಸಿಯಾನೋನೇ ದೊಡ್ಡವನು. "49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕ್‌ಔಟ್. ಲೆಕ್ಕ ಪುಸ್ತಕದಲ್ಲೇ ಇದೆ ಸರ್" ಎಂದ. ಅಕ್ಕಿ ವ್ಯಾಪಾರದವನು ಕೂಡಲೇ ಕೆರಳಿ, "ನಿನ್ನ 49 ಯಾವ ಲೆಕ್ಕ? ನಮ್ಮ ಗಾಮಾ ಐದು ಸಾವಿರ ಕುಸ್ತಿ ಆಡಿ ಒಂದನ್ನೂ ಸೋಲಲಿಲ್ಲ. ಸರ್ ಅವರೇ ಎಂಟನೆಯ ಇಯತ್ತೆಯಲ್ಲಿ ಹೇಳಿದ್ದು" ಎಂದು ನನ್ನತ್ತ ಕೈ ತೋರಿಸಿದ. ಇಬ್ಬರೂ ತೀರ್ಪಿಗಾಗಿ ನನ್ನ ಮುಖ ನೋಡಿದರು.

ಹೇಳಿದ್ದು ನಿಜ. ಸ್ವದೇಶಿ ಚಳವಳಿಯ ಪಾಠ ಮಾಡುವಾಗ ನಾನು ಪ್ರತಿವರ್ಷವೂ ಗಾಮಾನ ಕತೆಯನ್ನು ತಪ್ಪದೆ ಹೇಳುತ್ತಿದ್ದೆ. ಹಿಂದಿನ ಬೆಂಚಿನವರೂ ನಿದ್ದೆಯಿಂದ ಎದ್ದು ಕೂರುವ ಪಾಠ ಅದೊಂದೇ ಆಗಿತ್ತು. ಆ ಕತೆಯನ್ನು ಇಲ್ಲಿ ಇನ್ನೊಮ್ಮೆ ಹೇಳುತ್ತೇನೆ, ಆದರೆ ಈ ಬಾರಿ ಪೂರ್ತಿಯಾಗಿ.

ಗಾಮಾನ ನಿಜವಾದ ಹೆಸರು ಗುಲಾಂ ಮಹಮ್ಮದ್ ಬಕ್ಷ್. ಪಂಜಾಬಿನ ಕಾಶ್ಮೀರಿ ಮೂಲದ ಕುಸ್ತಿ ಮನೆತನದಲ್ಲಿ 1878ರಲ್ಲಿ ಜನನ. ತಂದೆ ದತಿಯಾ ಸಂಸ್ಥಾನದ ಆಸ್ಥಾನದ ಪೈಲ್ವಾನರು. ಅವರು ಬೇಗ ತೀರಿಕೊಂಡಾಗ ಅಜ್ಜ ಮತ್ತು ಸೋದರಮಾವ ಹುಡುಗನನ್ನು ಗರಡಿಯಲ್ಲಿ ಬೆಳೆಸಿದರು. ಹತ್ತು ವರ್ಷದವನಿದ್ದಾಗ ಜೋಧಪುರದಲ್ಲಿ ಬಸ್ಕಿ ಹೊಡೆಯುವ ಸ್ಪರ್ಧೆ ನಡೆಯಿತು. ನಾನೂರಕ್ಕೂ ಹೆಚ್ಚು ಪೈಲ್ವಾನರ ನಡುವೆ ಕೊನೆಯ ಹದಿನೈದು ಮಂದಿಯಲ್ಲಿ ಈ ಬಾಲಕನೂ ಉಳಿದ. ಅವನ ವಯಸ್ಸನ್ನು ಮೆಚ್ಚಿದ ಮಹಾರಾಜರು ಅವನನ್ನೇ ವಿಜೇತನೆಂದು ಸಾರಿದರು.

1910ರಲ್ಲಿ ಗಾಮಾ ತಮ್ಮ ಇಮಾಂ ಬಕ್ಷನೊಡನೆ ಲಂಡನ್ನಿಗೆ ಹೋದ. ಖರ್ಚಿನ ಭಾರ ಹೊತ್ತವರು ಬಂಗಾಳದ ಶ್ರೀಮಂತ ಶರತ್‌ಕುಮಾರ್ ಮಿತ್ರ. ಬಂಗಾಳದ ವಿಭಜನೆಯಾಗಿ ಆಗ ಐದು ವರ್ಷವಾಗಿತ್ತು ಎಂಬುದನ್ನು ನೆನಪಿಡಿ. ಎತ್ತರ ಸಾಲದೆಂದು ಅಲ್ಲಿ ಮೊದಲು ಪಂದ್ಯಾವಳಿಗೆ ಪ್ರವೇಶವೇ ಸಿಗಲಿಲ್ಲ. ಯಾವುದೇ ಮೂವರನ್ನು ಮೂವತ್ತು ನಿಮಿಷದಲ್ಲಿ ಕೆಡವುತ್ತೇನೆಂದು ಗಾಮಾ ಸವಾಲೆಸೆದ. ಸವಾಲು ಸ್ವೀಕರಿಸಿದ ಅಮೆರಿಕದ ಡಾ. ಬೆಂಜಮಿನ್ ರೋಲರ್ ಮೊದಲ ಸುತ್ತಿನಲ್ಲಿ ಎರಡು ನಿಮಿಷವೂ ನಿಲ್ಲಲಿಲ್ಲ.

ಅನಂತರ ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೊನೊಡನೆ ಕುಸ್ತಿ ಏರ್ಪಟ್ಟಿತು. ಗಾಮಾನ ಕೈಗೆ ಸಿಕ್ಕರೆ ಉಳಿಗಾಲವಿಲ್ಲವೆಂದು ಬೇಗನೆ ಅರಿತ ಜ್ಬಿಸ್ಕೊ ಹಾಸಿನ ಮೇಲೆ ಬೋರಲಾಗಿ ಮಲಗಿಬಿಟ್ಟ. ಎರಡೂವರೆ ಗಂಟೆ ಕಳೆದರೂ ಅವನನ್ನು ಅಂಗಾತ ಮಾಡಲಾಗಲಿಲ್ಲ. ಪಂದ್ಯ ಸಮವಾಯಿತು. ಒಂದು ವಾರದ ನಂತರ ಮತ್ತೆ ಆಡಬೇಕಿತ್ತು. ಜ್ಬಿಸ್ಕೊ ಬರಲೇ ಇಲ್ಲ. ಗಾಮಾನಿಗೆ ಬಹುಮಾನದ ಪಟ್ಟಿಯೂ 250 ಪೌಂಡೂ ಸಂದವು. 1928ರಲ್ಲಿ ಪಟಿಯಾಲಾದಲ್ಲಿ ಇಬ್ಬರೂ ಪುನಃ ಎದುರಾದಾಗ ಗಾಮಾ ಅವನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದ.

ತರಗತಿಯಲ್ಲಿ ನಾನು ಲಂಡನ್ನಿನಿಂದ ನೇರವಾಗಿ ಪಟಿಯಾಲಾಕ್ಕೆ ಹಾರುತ್ತಿದ್ದೆ. ನಡುವಿನ ಎರಡೂವರೆ ಗಂಟೆಯನ್ನು "ಜ್ಬಿಸ್ಕೊ ಹೆದರಿ ಓಡಿದ" ಎಂಬ ಒಂದು ಮಾತಿನಲ್ಲಿ ಮುಗಿಸುತ್ತಿದ್ದೆ. ಇನ್ನೊಂದು ಹೆಸರನ್ನಂತೂ ಎತ್ತಿದ್ದೇ ಇಲ್ಲ. ಅದು ಗುಜ್ರಾನ್‌ವಾಲಾದ ರಹೀಂ ಬಕ್ಷ್ ಸುಲ್ತಾನಿವಾಲಾನ ಹೆಸರು. ಏಳು ಅಡಿಗೆ ಸಮೀಪದ ಆಳು, ವಯಸ್ಸಿನಲ್ಲಿ ಗಾಮಾನಿಗಿಂತ ಎಷ್ಟೋ ಹಿರಿಯ. ಹದಿಹರೆಯದ ಗಾಮಾ ಅವನೊಡನೆ ಗಂಟೆಗಟ್ಟಲೆ ಸೆಣಸಿದ. ಅವನೂ ಬೀಳಲಿಲ್ಲ, ಇವನೂ ಬೀಳಲಿಲ್ಲ. ಆ ಮೇಲೂ ಇಬ್ಬರ ಕುಸ್ತಿ ಸಮವಾಗಿಯೇ ಉಳಿಯಿತು. ಲಂಡನ್ನಿನಿಂದ ಮರಳಿದ ನಂತರವಷ್ಟೇ ಅಲಹಾಬಾದಿನಲ್ಲಿ ಗಾಮಾ ಅವನನ್ನು ಗೆದ್ದದ್ದು.

ಇನ್ನು ಐದು ಸಾವಿರದ ಲೆಕ್ಕ. ಐವತ್ತು ವರ್ಷದಲ್ಲಿ ಐದು ಸಾವಿರವೆಂದರೆ ವರ್ಷಕ್ಕೆ ನೂರು, ಅಂದರೆ ಮೂರು ನಾಲ್ಕು ದಿನಕ್ಕೊಂದು ಕುಸ್ತಿ. ಎಣಿಸಿದವರು ಯಾರು? ಗಣಿತದ ಮಾಸ್ತರರನ್ನು ಕೇಳಬೇಕಾಗಿಯೂ ಇರಲಿಲ್ಲ, ನಾನೇ ಹಿಡಿಯಬಹುದಾಗಿದ್ದ ತಪ್ಪು ಅದು. ಮಟ್ಟಿಯ ಕುಸ್ತಿಗೆ ಬಾಕ್ಸಿಂಗಿನಂತೆ ದಾಖಲೆ ಪುಸ್ತಕವಿರಲಿಲ್ಲ. ಸಂಸ್ಥಾನಗಳ ಕೃಪೆ, ಜಾತ್ರೆಯ ಜನ, ಬಾಯಿಂದ ಬಾಯಿಗೆ ಹರಿದ ಕತೆ, ಇಷ್ಟೇ. ನಮ್ಮ ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನೇ ನೋಡಿ. ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ಮುಗಿಯಿತು. ಈ ಜಟ್ಟಿ ಇಷ್ಟು ಗೆದ್ದ, ಅಷ್ಟು ಸೋತ ಎಂದು ಯಾರೂ ಪಟ್ಟಿ ಹಿಡಿದು ತಿರುಗುವುದಿಲ್ಲ.

ಹಾಗೆಂದು ದಾಖಲೆ ಪುಸ್ತಕವಿದ್ದ ಮಾತ್ರಕ್ಕೆ ವಾದ ತೀರುವುದೂ ಇಲ್ಲ. ಮಾರ್ಸಿಯಾನೋ 1951ರಲ್ಲಿ ಜೋ ಲೂಯಿಯನ್ನು ಕೆಡವಿದಾಗ ಲೂಯಿಗೆ 37 ವರ್ಷ. 1952ರಲ್ಲಿ ಜೆರ್ಸಿ ಜೋ ವಾಲ್ಕಾಟ್‌ನಿಂದ ಪಟ್ಟ ಕಸಿದಾಗ ವಾಲ್ಕಾಟ್‌ಗೆ 38. ಇಳಿವಯಸ್ಸಿನವರನ್ನು ಗೆದ್ದನೆಂದು ಹಗುರ ಮಾಡುವವರು ಇಂದಿಗೂ ಇದ್ದಾರೆ. ಗಾಮಾನ ವಿಷಯದಲ್ಲೂ ಅಷ್ಟೇ: ಅಂದಿನ ವಿಶ್ವವಿಜೇತ ಫ್ರಾಂಕ್ ಗೋಚ್‌ನಾಗಲಿ, ಹ್ಯಾಕೆನ್‌ಶ್ಮಿಟ್‌ನಾಗಲಿ ಅವನೆದುರು ಕಣಕ್ಕಿಳಿಯಲಿಲ್ಲ. ಇಳಿದಿದ್ದರೆ ಏನಾಗುತ್ತಿತ್ತೆಂದು ಹೇಳಲು ಇತಿಹಾಸಕ್ಕೆ ಅಧಿಕಾರವಿಲ್ಲ. ಅತ್ತ ಮಹಮ್ಮದ್ ಅಲಿ 61 ಪಂದ್ಯಗಳಲ್ಲಿ ಐದನ್ನು ಸೋತವನು. ಆದರೂ ಜಗತ್ತಿನ ಬಹುಪಾಲು ಜನ ಸರ್ವಶ್ರೇಷ್ಠನೆನ್ನುವುದು ಅವನನ್ನೇ.

ಇಷ್ಟನ್ನು ನಾನು ಅಂದು ಸಂಜೆ ಆ ಇಬ್ಬರಿಗೆ ವಿವರಿಸಿದೆ. ನೌಕಾಪಡೆಯವನು ನಕ್ಕ. ಅಕ್ಕಿ ವ್ಯಾಪಾರದವನು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಗಾಮಾನ ಕುಸ್ತಿ ಸಮವಾಗಿತ್ತೆಂದು ನೀವು ಆಗ ಹೇಳಲಿಲ್ಲವಲ್ಲ" ಎಂದ.

ಆಗ ನನಗೆ ನೆನಪಾಯಿತು. ಈತ ಶಾಲೆಯ ಒಳ್ಳೆಯ ಕುಸ್ತಿಪಟು. ತಾಲೂಕು ಮಟ್ಟದಲ್ಲಿ ಗೆದ್ದಾಗ ಪ್ರಾರ್ಥನೆಯ ವೇಳೆ ಎಲ್ಲರೆದುರು ನಿಲ್ಲಿಸಿ "ನಮ್ಮ ಶಾಲೆಯ ಗಾಮಾ" ಎಂದು ಕರೆದವನು ನಾನೇ. ಮುಂದೆ ಕಾರವಾರದಲ್ಲಿ ಜಿಲ್ಲಾ ಮಟ್ಟದ ಮೊದಲ ಕುಸ್ತಿಯಲ್ಲೇ ಸೋತ. ಮರುದಿನದಿಂದ ಮೈದಾನಕ್ಕೆ ಬರುವುದನ್ನೇ ಬಿಟ್ಟ. ಹತ್ತನೆಯ ಇಯತ್ತೆಯ ಓದಿನ ಒತ್ತಡವೆಂದು ನಾನು ತಿಳಿದಿದ್ದೆ. "ಗಾಮಾ ಸೋಲುವವನಲ್ಲ ಸರ್, ನಾನು ಸೋತೆ. ಇನ್ನು ಗಾಮಾ ಎನ್ನಿಸಿಕೊಳ್ಳುವುದು ಹೇಗೆ? ಲಂಗೋಟಿಯನ್ನು ಅಟ್ಟದ ಮೇಲೆ ಹಾಕಿಬಿಟ್ಟೆ" ಎಂದು ಆತ ಮೂವತ್ತು ವರ್ಷದ ಮೇಲೆ ಹೇಳಿದ. ದೂರುವ ದನಿ ಅದಾಗಿರಲಿಲ್ಲ. ನನಗೆ ಅದು ದೂರಾಗಿಯೇ ಕೇಳಿಸಿತು.

ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಇದೇ ಅಂಕೋಲೆಯಲ್ಲಿ ನಾನು 1930ರ ಉಪ್ಪಿನ ಸತ್ಯಾಗ್ರಹದ ಪಾಠವನ್ನೂ ಮಾಡಿದವನು. ಅದರ ಬೆನ್ನಿಗೇ ಬಂದ ಕರನಿರಾಕರಣೆಯಲ್ಲಿ ನಮ್ಮ ತಾಲೂಕಿನ ರೈತರು ಹೊಲಮನೆ ಕಳೆದುಕೊಂಡರು, ಜೈಲು ಸೇರಿದರು. ಆ ವರ್ಷದ ಲೆಕ್ಕ ಬರೆದರೆ ಅದು ಸೋಲೇ. ಆದರೂ ಅವರನ್ನು ಸೋತವರೆಂದು ನಾನು ಒಂದು ದಿನವೂ ಕಲಿಸಲಿಲ್ಲ. ಅವರಿಗೆ ಕೊಟ್ಟ ನ್ಯಾಯವನ್ನು ಕುಸ್ತಿಯಾಡುವ ಹದಿನೈದರ ಹುಡುಗನಿಗೆ ಕೊಡಲು ನನಗೆ ಹೊಳೆಯಲಿಲ್ಲ.

ಗಾಮಾನ ಹಿರಿಮೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ನನ್ನ ತಕರಾರು ಆ ಹಿರಿಮೆಯನ್ನು ನಾವು ಅಳೆದ ಕೊಳಗದ ಬಗ್ಗೆ. ಬೀಳಿಸಲಾಗದ ರಹೀಂ ಬಕ್ಷನನ್ನು ಮತ್ತೆ ಮತ್ತೆ ಎದುರಿಸಿದ್ದರಲ್ಲಿ, ಬೋರಲು ಮಲಗಿದ ಎದುರಾಳಿಯನ್ನು ಎರಡೂವರೆ ಗಂಟೆ ಬಿಡದೆ ಎಳೆದಾಡಿದ್ದರಲ್ಲಿ, ಸಮವಾದ ಕುಸ್ತಿಗೆ ಹದಿನೆಂಟು ವರ್ಷದ ಮೇಲೂ ಉತ್ತರ ಹುಡುಕಿದ್ದರಲ್ಲಿ ಅವನ ದೊಡ್ಡತನವಿದೆ. 1947ರ ದಂಗೆಯ ದಿನಗಳಲ್ಲಿ ಲಾಹೋರಿನ ಮೋಹಿನಿ ರಸ್ತೆಯಲ್ಲಿ ತನ್ನ ಹಿಂದೂ ನೆರೆಹೊರೆಯವರಿಗೆ ಕಾವಲು ನಿಂತನೆಂದು ಹೇಳುತ್ತಾರೆ. ಆ ಕುಸ್ತಿ ಯಾವ ಪಟ್ಟಿಯಲ್ಲಿಯೂ ಬರುವುದಿಲ್ಲ. ಕೊನೆಯ ವರ್ಷಗಳನ್ನು ಕಾಯಿಲೆಯಲ್ಲೂ ಬಡತನದಲ್ಲೂ ಕಳೆದು 1960ರ ಮೇ ತಿಂಗಳಲ್ಲಿ ಲಾಹೋರಿನಲ್ಲಿ ತೀರಿಕೊಂಡ. ಮಾರ್ಸಿಯಾನೋನನ್ನೂ ಮೆಚ್ಚುವುದಾದರೆ 49ಕ್ಕಾಗಿ ಅಲ್ಲ. ವಾಲ್ಕಾಟ್ ಮೊದಲ ಸುತ್ತಿನಲ್ಲೇ ನೆಲಕ್ಕುರುಳಿಸಿದಾಗ ಎದ್ದು, ಅಂಕಗಳಲ್ಲಿ ಹಿಂದೆ ಬಿದ್ದಿದ್ದರೂ ಹದಿಮೂರನೆಯ ಸುತ್ತಿನವರೆಗೆ ಕಾದನಲ್ಲ, ಅದಕ್ಕಾಗಿ ಮೆಚ್ಚೋಣ.

ಕಳೆದ ವಾರ ಅಕ್ಕಿ ವ್ಯಾಪಾರದವನ ಫೋನು ಬಂತು. ಅವನ ಮಗ ಈಗ ಹೈಸ್ಕೂಲಿನಲ್ಲಿದ್ದಾನೆ, ಕುಸ್ತಿಯನ್ನೂ ಆಡುತ್ತಾನೆ. ಮೊನ್ನೆ ಸೋತು ಬಂದು ಊಟ ಬಿಟ್ಟು ಮಲಗಿದ್ದಾನಂತೆ. "ಸರ್, ರಹೀಂ ಬಕ್ಷನ ಕತೆಯನ್ನು ಅವನಿಗೆ ನೀವೇ ಒಮ್ಮೆ ಹೇಳಬೇಕು" ಎಂದ. ಫೋನಿನಲ್ಲಿ ಅರ್ಧ ಹೇಳಿದೆ. ಹುಡುಗ ಪೂರ್ತಿ ಓದಲಿ ಎಂದು ಇಲ್ಲಿ ಬರೆದಿಟ್ಟಿದ್ದೇನೆ. ನನ್ನ ತರಗತಿಯಲ್ಲಿ ಅರ್ಧ ಕತೆ ಕೇಳಿ ಹೋದ ಉಳಿದವರೂ ದಯವಿಟ್ಟು ತಿದ್ದಿಕೊಳ್ಳಿ.