ಮುನ್ಶಿಯ ಎದುರು ಕೂತ ಜರ್ಮನರು

ಹುಬ್ಬಳ್ಳಿಯಿಂದ ಗದಗಿನ ದಾರಿ ಹಿಡಿದರೆ ನಡುವೆ ಅಣ್ಣಿಗೇರಿ ಸಿಗುತ್ತದೆ. ಪಂಪನ ಊರೆಂದು ಹೆಸರಾದ, ಅಮೃತೇಶ್ವರ ಗುಡಿಯ ಊರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಈ ದಾರಿಯ ಎರಡೂ ತುದಿಗಳಲ್ಲಿ ಜರ್ಮನ್ ಮಾತಾಡುವ ಮನೆಗಳಿದ್ದವು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗಿಗೆ ಅಂಟಿದ ಬೆಟಗೇರಿಯಲ್ಲಿ ಠಾಣ್ಯ ಹೂಡಿತ್ತು.

ಇವತ್ತು ನರ್ಸಿಂಗ್ ಮುಗಿಸಿದ ನವಲಗುಂದದ ಹುಡುಗಿಯೋ ಐಟಿಐ ಕಲಿತ ಕಲಘಟಗಿಯ ಹುಡುಗನೋ ಜರ್ಮನಿಗೆ ಹೋಗುವ ಲೆಕ್ಕ ಹಾಕಿದರೆ ಮೊದಲು ಎದುರಾಗುವ ಮಾತು ‘ಎ-1 ಆಯ್ತಾ, ಬಿ-1 ಆಯ್ತಾ’ ಎಂಬುದು. ಇವು ಜರ್ಮನ್ ಭಾಷಾ ಪರೀಕ್ಷೆಯ ಹಂತಗಳು; ಭಾಷೆ ಕಲಿಯದೆ ಕೆಲಸವಿಲ್ಲ. ನೂರಾ ಎಂಬತ್ತು ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಈ ಲೆಕ್ಕ ತಿರುವುಮುರುವಾಗಿತ್ತು. ಕೆಲಸಕ್ಕಾಗಿ ಪರದೇಶಕ್ಕೆ ಬಂದವರು ಜರ್ಮನರು, ಕಲಿಯಬೇಕಾಗಿದ್ದದ್ದು ಕನ್ನಡ, ಕಲಿಸುವವರು ಊರಿನ ಮುನ್ಶಿಗಳು.

ಇಂಗ್ಲಿಷರಲ್ಲದ ಮಿಷನರಿಗಳಿಗೆ ಬ್ರಿಟಿಷ್ ಭಾರತದ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯಿದೆಯಿಂದ. ಮರುವರ್ಷವೇ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದರೂ ಅಲ್ಲಿ ತರಬೇತಿ ಪಡೆದವರಲ್ಲಿ ಬಹಳ ಮಂದಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮನೆಯ ಮಕ್ಕಳು. ಮನೆಯಲ್ಲಿ ಅವರದು ಶ್ವಾಬಿಷ್ ಎಂಬ ಆಡುನುಡಿ, ಬೈಬಲ್ ಓದುವುದು ಗ್ರಾಂಥಿಕ ಜರ್ಮನ್. ಪುಸ್ತಕದ ಮಾತು ಬೇರೆ, ಹೊಲದ ಮಾತು ಬೇರೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಧಾರವಾಡಕ್ಕೆ ಬಂದಾಗ ಈ ತಿಳಿವಳಿಕೆಯೇ ಕೈಹಿಡಿದಿರಬೇಕು. ಆಗಿನ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಸರಕಾರಿ ಕಾಗದಗಳಲ್ಲಿ ಇದು ‘ದಕ್ಷಿಣ ಮರಾಠಾ ಸೀಮೆ’, ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯದೇ ಜೋರು. ಸಂತೆ, ಹೊಲ, ಜಾತ್ರೆಗಳಲ್ಲಿ ಮಾತ್ರ ಕನ್ನಡ, ಅದೂ ಮಂಗಳೂರಿನಲ್ಲಿ ಕಲಿತು ಬಂದ ಕನ್ನಡವಲ್ಲ. ಆಸರೆಗೆ ಬಳ್ಳಾರಿ ಕಡೆಯ ವಿಲಿಯಂ ರೀವ್ ಅವರ ಕೋಶವಿತ್ತು. ಅದರ ಇಂಗ್ಲಿಷ್-ಕನ್ನಡ ಭಾಗ 1824ರಲ್ಲಿ, ಕನ್ನಡ-ಇಂಗ್ಲಿಷ್ ಭಾಗ 1832ರಲ್ಲಿ ಹೊರಬಂದಿದ್ದವು. ಉಳಿದದ್ದನ್ನು ಕಿವಿಯಿಂದಲೇ ಹೆಕ್ಕಬೇಕಿತ್ತು.

ಆ ಹೆಕ್ಕುವಿಕೆಯ ಫಲ ಕಣ್ಣಿಗೆ ಕಾಣುವುದು ಫರ್ಡಿನೆಂಡ್ ಕಿಟೆಲ್ ಅವರ ನಿಘಂಟಿನಲ್ಲಿ. ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆಯಲ್ಲಿ. ಭಾರತಕ್ಕೆ ಬಂದದ್ದು 1853ರಲ್ಲಿ. ಮಂಗಳೂರು, ಮಡಿಕೇರಿಗಳಷ್ಟೇ ಅಲ್ಲದೆ ಧಾರವಾಡ-ಹುಬ್ಬಳ್ಳಿಗಳಲ್ಲೂ ಅವರು ಇದ್ದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದರ ಯಾವುದೇ ಪುಟ ತೆರೆದರೂ ಪದದ ಅರ್ಥದ ಬೆನ್ನಿಗೆ ಸಣ್ಣ ಸಣ್ಣ ಗುರುತುಗಳು ಕಾಣುತ್ತವೆ: ಇದು ಶಬ್ದಮಣಿದರ್ಪಣದ್ದು, ಇದು ಬಸವಪುರಾಣದ್ದು, ಇದು ಗಾದೆ, ಇದು ಮೈಸೂರು ಕಡೆಯದು. ಅವುಗಳ ನಡುವೆ ಮತ್ತೆ ಮತ್ತೆ ಬರುವ ಇನ್ನೊಂದು ಗುರುತು ‘ಎಸ್. ಎಮ್‌ಎಚ್‌ಆರ್.’, ಅಂದರೆ ದಕ್ಷಿಣ ಮರಾಠಾ ಸೀಮೆಯ ಮಾತು. ಪಂಡಿತರ ಓಲೆಗರಿಗೆ ಸಿಕ್ಕದ, ಈ ಭಾಗದ ಮಂದಿಯ ಬಾಯಲ್ಲಿದ್ದ ಪದಗಳು ಶಬ್ದಮಣಿದರ್ಪಣ ಬರೆದ ಕೇಶಿರಾಜನ ಪದಗಳ ಪಕ್ಕದಲ್ಲೇ ಜಾಗ ಪಡೆದವು.

ಎದುರು ದಿಕ್ಕಿನ ಪ್ರಯಾಣವೂ ಆಗಲೇ ಶುರುವಾಗಿತ್ತು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ಬಾಸೆಲ್ ಮಿಷನರಿ ಹರ್ಮನ್ ಮೊಗ್ಲಿಂಗ್ ಅವರ ಶಿಷ್ಯ. 1844ರಲ್ಲಿ ಕ್ರೈಸ್ತರಾದರು, ಎರಡು ವರ್ಷದ ಬಳಿಕ ಮೊಗ್ಲಿಂಗ್ ಜೊತೆ ಹಡಗು ಹತ್ತಿದರು. ಬಾಸೆಲ್‌ನ ಸೆಮಿನರಿಯಲ್ಲಿ ಜರ್ಮನ್ ಮಾತಿನ ನಡುವೆಯೇ ವರ್ಷಗಟ್ಟಲೆ ಓದಿ, 1851ರಲ್ಲಿ ಪಾದ್ರಿ ದೀಕ್ಷೆ ಪಡೆದು ಹಿಂತಿರುಗಿದರು. ಮುಂದೆ ಮಂಗಳೂರಿನ ಸೆಮಿನರಿಯಲ್ಲಿ ಪಾಠ ಮಾಡಿದರು, 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. ವೃತ್ತಿ ತರಬೇತಿಗೆಂದು ಹೊರಟು, ಜರ್ಮನ್ ಕಲಿತು, ಊರಿಗೆ ಮರಳಿ ಅದೇ ವೃತ್ತಿಯಲ್ಲಿ ನಿಂತ ಕನ್ನಡನಾಡಿನವರಲ್ಲಿ ಇವರು ಮೊದಮೊದಲಿಗರು.

1914ರ ಮಹಾಯುದ್ಧ ಈ ಓಡಾಟವನ್ನು ಕಡಿಯಿತು. ಜರ್ಮನ್ ಪ್ರಜೆಗಳು ಬ್ರಿಟಿಷರ ಪಾಲಿಗೆ ಶತ್ರುಗಳಾದರು, ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿ ಕೂಡಿಹಾಕಲಾಯಿತು. ಅವರು ಹೋದರೂ ಹೆಸರು ಹೋಗಲಿಲ್ಲ. ಧಾರವಾಡದ ಕಾಲೇಜೊಂದು ಕಿಟೆಲ್ ಹೆಸರಿನಲ್ಲಿದೆ, ಬೆಟಗೇರಿಯ ಮಿಷನ್ ಆಸ್ಪತ್ರೆ ಈಗಲೂ ಜನರ ಬಾಯಲ್ಲಿ ‘ಜರ್ಮನ್ ಆಸ್ಪತ್ರೆ’.

ಕಡಿದ ದಾರಿ ಮತ್ತೆ ಕೂಡಿಕೊಂಡಿತು. ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಬೆಂಗಳೂರಿನಲ್ಲಿ ತೆರೆದದ್ದು 1960ರಲ್ಲಿ. ಜರ್ಮನ್ ಸರಕಾರ ಹೊರಗಿನ ಕೆಲಸಗಾರರಿಗೆಂದು ಹೊಸ ವಲಸೆ ಕಾಯಿದೆ ಜಾರಿಗೆ ತಂದದ್ದು 2020ರ ಮಾರ್ಚಿನಲ್ಲಿ. 2022ರ ಡಿಸೆಂಬರಿನಲ್ಲಿ ಭಾರತದೊಂದಿಗೆ ವಲಸೆ ಒಪ್ಪಂದವಾಯಿತು. 2024ರಲ್ಲಿ ಕುಶಲ ಭಾರತೀಯರಿಗೆ ಕೊಡುವ ವೀಸಾಗಳ ಮಿತಿಯನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಆ ದೇಶ ಹೇಳಿತು.

ಧಾರವಾಡ ಸೀಮೆಯವರಿಗೆ ಜರ್ಮನ್ ಭಾಷೆಯಲ್ಲಿ ಕೆಲವು ಮೂಲೆಗಳು ಪರಿಚಿತವೇ. ಹಿರಿಯರಿಗೆ, ಮೇಲಧಿಕಾರಿಗೆ ಇಲ್ಲಿ ‘ಬರ್ರಿ, ಕೂಡ್ರಿ’ ಎನ್ನದಿದ್ದರೆ ಹೇಗೆ ಒರಟೋ, ಅಲ್ಲಿ ‘ಝೀ’ ಎನ್ನಬೇಕಾದಲ್ಲಿ ‘ಡೂ’ ಎಂದರೂ ಹಾಗೆಯೇ. ‘ವೈಲ್’ ಎಂದು ಕಾರಣ ಹೇಳಲು ಹೊರಟರೆ ಕ್ರಿಯಾಪದ ಕನ್ನಡದಂತೆ ವಾಕ್ಯದ ಕೊನೆಗೆ ಹೋಗಿ ಕೂರುತ್ತದೆ. ತೊಡಕು ಬರುವುದು ಅಂಕಿಯಲ್ಲಿ. ಇಪ್ಪತ್ತನಾಲ್ಕು ಎನ್ನಲು ಜರ್ಮನರು ‘ಫೀರ್-ಉಂಟ್-ತ್ಸ್ವಾನ್‌ಸಿಖ್’ ಎನ್ನುತ್ತಾರೆ, ಅಂದರೆ ನಾಲ್ಕು ಮತ್ತು ಇಪ್ಪತ್ತು. ಕಿವಿಗೆ ಬಿದ್ದ ಕ್ರಮದಲ್ಲೇ ಬರೆದುಕೊಂಡರೆ 24 ಹೋಗಿ 42 ಆಗುತ್ತದೆ. ವಾರ್ಡಿನಲ್ಲಿ ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ರೋಗಿಗಳ ಸ್ಥಿತಿ ಒಪ್ಪಿಸುವ ಹೊತ್ತಿಗೆ ‘ಯೂಬರ್‌ಗಾಬೆ’ ಎನ್ನುತ್ತಾರೆ. ಖೋಲಿ ಸಂಖ್ಯೆ, ಔಷಧದ ಅಳತೆ, ಗಂಟೆ ಎಲ್ಲವೂ ಒಂದೇ ಉಸಿರಿಗೆ ಬರುವ ಆ ಹೊತ್ತಿನಲ್ಲಿ ‘ಎರಡು, ನಾಲ್ಕು’ ಎಂದು ಅಂಕಿಗಳನ್ನು ಬಿಡಿಬಿಡಿಯಾಗಿ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವುದೇ ದಾರಿ.

ಪರೀಕ್ಷೆ ಪಾಸಾಗಿ ಸ್ಟುಟ್‌ಗಾರ್ಟ್ ಕಡೆ ಕೆಲಸ ಸಿಕ್ಕರಂತೂ ಕಥೆ ಮತ್ತೆ ಮೊದಲಿಗೇ ಬರುತ್ತದೆ, ಅದು ಹಳೆಯ ವ್ಯೂರ್ಟೆಂಬರ್ಗಿನ ರಾಜಧಾನಿ. ‘ಕೆಲಸ ಮಾಡು’ ಎನ್ನುವುದಕ್ಕೆ ಪುಸ್ತಕ ‘ಆರ್ಬೈಟನ್’ ಎಂದು ಕಲಿಸಿದ್ದರೆ, ಹಾಸಿಗೆ ಹಿಡಿದ ಅಜ್ಜ ‘ಶಾಫೆ’ ಎನ್ನುತ್ತಾನೆ. ಕುಂದಗೋಳದಿಂದ ಹೋದ ನರ್ಸು ತನ್ನ ನೋಟ್‌ಬುಕ್ಕಿನಲ್ಲಿ ಆ ಪದವನ್ನು ಬರೆದುಕೊಂಡು, ಪಕ್ಕದಲ್ಲಿ ‘ಇದು ಈ ಸೀಮೆಯ ಮಾತು’ ಎಂದು ಕಿಟೆಲ್ ಹಾಕಿದಂಥದೇ ಸಣ್ಣ ಗುರುತೊಂದನ್ನು ಹಾಕಿಕೊಳ್ಳಬೇಕಾಗುತ್ತದೆ.